ಖಾತೆ ಹಲ್ಲಿನ ಹೆಸರಿನಲ್ಲಿದೆ

ಆತ್ಮೀಯ ಸುಮತಿಯವರೇ,

ನಿಮ್ಮ ಪತ್ರ ಬಂತು, ಜೊತೆಗೆ ಮೊಮ್ಮಗ ಪೆನ್ಸಿಲಿನಲ್ಲಿ ಬರೆದ ತಕರಾರಿನ ಚೀಟಿಯೂ ಬಂತು. ಅವನ ಅಪ್ಪ ಚಿಕ್ಕವನಿದ್ದಾಗ ಓದಿದ ಡೈನೋಸಾರ್ ಪುಸ್ತಕದಲ್ಲಿ ಟ್ರೂಡಾನ್‌ಗೆ ಎರಡು ಪುಟವಂತೆ, ‘ಡೈನೋಸಾರ್‌ಗಳಲ್ಲೆಲ್ಲ ಅತಿ ಜಾಣ’ ಅಂತ ದಪ್ಪಕ್ಷರದ ತಲೆಬರಹ ಬೇರೆಯಂತೆ. ಈ ಸಲ ಹುಟ್ಟುಹಬ್ಬಕ್ಕೆ ಬಂದ ಹೊಸ ಪುಸ್ತಕದಲ್ಲಿ ಅದರ ಹೆಸರೇ ಇಲ್ಲ. ಎಲ್ಲಿ ಹೋಯಿತು, ಯಾರು ತೆಗೆದರು ಅನ್ನುವುದು ಅವನ ಪ್ರಶ್ನೆ. ‘ಏಳು ಕೋಟಿ ವರ್ಷದ ಹಿಂದೆಯೇ ಸತ್ತದ್ದು ಈಗ ಮತ್ತೆ ಕಾಣೆಯಾಗುವುದು ಹೇಗೆ, ನೀವೇ ಉತ್ತರ ಹೇಳಿ’ ಎಂದು ನೀವು ಕೈತೊಳೆದುಕೊಂಡಿದ್ದೀರಿ. ಮೂವತ್ತು ವರ್ಷ ಪಾಠ ಹೇಳಿದವರು ಹೀಗೆ ಜಾರಿಕೊಳ್ಳಬಾರದು ಮೇಡಂ! ಇರಲಿ, ಹೇಳುತ್ತೇನೆ. ಟ್ರೂಡಾನ್ ಎಲ್ಲಿಗೂ ಹೋಗಿಲ್ಲ. ಫಿಲಡೆಲ್ಫಿಯಾದ ಒಂದು ಸಂಗ್ರಹಾಲಯದಲ್ಲಿ ಇದೆ. ಒಂದು ಸೆಂಟಿಮೀಟರೂ ಇಲ್ಲದ ಒಂದೇ ಒಂದು ಹಲ್ಲು. ಮೊದಲು ಇದ್ದದ್ದೂ ಅಷ್ಟೇ, ಈಗ ಉಳಿದಿರುವುದೂ ಅಷ್ಟೇ. ನಡುವಿನ ನೂರೈವತ್ತು ವರ್ಷಗಳಲ್ಲಿ ಅದಕ್ಕೆ ಮೈ ಬಂತು, ಗರಿ ಬಂತು, ಮೊಟ್ಟೆ ಬಂತು, ದೊಡ್ಡ ಮಿದುಳೂ ಬಂತು. ಆಮೇಲೆ ಎಲ್ಲವೂ ಬೇರೆಯವರ ಪಾಲಾಯಿತು.

ಕಥೆ ಶುರುವಾಗುವುದು 1855ರಲ್ಲಿ. ಅಮೆರಿಕದ ಈಗಿನ ಮೊಂಟಾನಾ ರಾಜ್ಯದಲ್ಲಿ ಜುಡಿತ್ ಎಂಬ ಸಣ್ಣ ನದಿ ಮಿಸೌರಿಯನ್ನು ಸೇರುವ ಜಾಗವಿದೆ. ಮರವಿಲ್ಲ, ನೆರಳಿಲ್ಲ, ಮಳೆಗೆ ಕೊರೆದುಹೋದ ಬೂದು ಮಣ್ಣಿನ ದಿಬ್ಬಗಳೇ ಎಲ್ಲ ಕಡೆ. ಫರ್ಡಿನಾಂಡ್ ಹೇಡನ್ ಎಂಬ ಯುವ ಭೂವಿಜ್ಞಾನಿ ಅಲ್ಲಿ ಅಲೆದು, ಕೈಗೆ ಸಿಕ್ಕ ಪಳೆಯುಳಿಕೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದ. ಓಡಾಡುತ್ತ ಕಲ್ಲು ಹೆಕ್ಕುವ ಮನುಷ್ಯ ಎಂದು ಅಲ್ಲಿನ ಮೂಲನಿವಾಸಿಗಳು ಅವನಿಗೆ ಅಡ್ಡಹೆಸರಿಟ್ಟಿದ್ದರೆಂದು ಕಥೆ ಇದೆ. ಆ ಚೀಲ ಫಿಲಡೆಲ್ಫಿಯಾದ ಜೋಸೆಫ್ ಲೈಡಿಯ ಮೇಜಿಗೆ ಬಂತು. ಲೈಡಿ ವೃತ್ತಿಯಿಂದ ಶರೀರರಚನಾ ಶಾಸ್ತ್ರಜ್ಞ. ಸೂಕ್ಷ್ಮದರ್ಶಕದ ಮುಂದೆ ಕೂತರೆ ಏಳದ ಜಾತಿ, ಜಗಳ ಎಂದರೆ ಮಾರು ದೂರ. 1856ರಲ್ಲಿ ಆತ ಅದರಲ್ಲಿದ್ದ ಹಲ್ಲುಗಳನ್ನು ಇಟ್ಟುಕೊಂಡು ನಾಲ್ಕು ಪ್ರಾಣಿಗಳಿಗೆ ಹೆಸರಿಟ್ಟ: ಡೈನೋಡಾನ್, ಟ್ರ್ಯಾಕೋಡಾನ್, ಪೇಲಿಯೋಸಿಂಕಸ್, ಟ್ರೂಡಾನ್. ಅಮೆರಿಕದ ನೆಲದಿಂದ ಹೆಸರು ಪಡೆದ ಮೊದಲ ಡೈನೋಸಾರ್‌ಗಳು ಇವೇ. ನಾಲ್ಕಕ್ಕೂ ಆಧಾರ ಬರೀ ಹಲ್ಲು. ಒಂದು ಖಂಡದ ಡೈನೋಸಾರ್ ಶಾಸ್ತ್ರವೇ ಹೀಗೆ ಹಲ್ಲುಗಳಿಂದ ಶುರುವಾಯಿತು ಅನ್ನುವುದು ನನಗೆ ಯಾವತ್ತಿಗೂ ತಮಾಷೆಯಾಗಿ ಕಂಡಿದೆ. ಇನ್ನೂ ತಮಾಷೆಯೆಂದರೆ, ಟ್ರೂಡಾನ್‌ನ ಹಲ್ಲು ಡೈನೋಸಾರ್‌ನದು ಅಂತ ಲೈಡಿಗೆ ಗೊತ್ತಿರಲಿಲ್ಲ. ಅದು ಯಾವುದೋ ದೊಡ್ಡ ಹಲ್ಲಿ-ಓತಿಯ ಕುಲದ್ದು ಎಂದು ಅವನ ಅಂದಾಜು.

ಆ ಹಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಗೊಂದಲವೆಲ್ಲ ಅದರ ಆಕಾರದಲ್ಲೇ ಇದೆ. ಮಾಂಸಾಹಾರಿ ಡೈನೋಸಾರ್‌ನ ಹಲ್ಲು ಸಾಮಾನ್ಯವಾಗಿ ಹಿಂದಕ್ಕೆ ಬಾಗಿದ ಚಪ್ಪಟೆ ಅಲಗು. ಅಂಚಿನುದ್ದಕ್ಕೂ ಸಣ್ಣ ಗರಗಸದ ಕಚ್ಚುಗಳು, ಬೆರಳು ಸವರಿದರೆ ತಿಳಿಯುವಂಥವು. ಟ್ರೂಡಾನ್‌ನದು ಹಾಗಲ್ಲ. ಹಲ್ಲು ಗಿಡ್ಡ, ಬುಡ ಅಗಲ, ಅಂಚಿನ ಕಚ್ಚುಗಳು ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ವಿಪರೀತ ದೊಡ್ಡವು. ಒಂದೊಂದು ಕಚ್ಚೂ ಕೊಕ್ಕೆಯ ಹಾಗೆ ಹಲ್ಲಿನ ತುದಿಯ ಕಡೆಗೆ ಬಾಗಿದೆ. ಕಚ್ಚುಗಳು ಇಷ್ಟು ದಪ್ಪ ಇರುವುದು ಸೊಪ್ಪು ತಿನ್ನುವ ಇಗ್ವಾನದಂಥ ಓತಿಗಳಲ್ಲಿ, ಸಸ್ಯಾಹಾರಿ ಡೈನೋಸಾರ್‌ಗಳಲ್ಲಿ. ಒಟ್ಟು ಆಕಾರ ಮಾಂಸಾಹಾರಿಯದು, ಅಂಚು ಸಸ್ಯಾಹಾರಿಯದು. ಹಲ್ಲನ್ನು ಕೈಯಲ್ಲಿ ಹಿಡಿದವನು ಯಾವುದನ್ನು ನಂಬಬೇಕು?

ಹೀಗಾಗಿ ನಮ್ಮ ಟ್ರೂಡಾನ್ ಮನೆ ಮನೆ ಸುತ್ತಿತು. 1901ರಲ್ಲಿ ಫ್ರಾಂಜ್ ನೋಪ್ಚ ಎಂಬ ಹಂಗೇರಿಯ ಜಮೀನ್ದಾರ-ವಿಜ್ಞಾನಿ ಅದನ್ನು ಮಾಂಸಾಹಾರಿ ಡೈನೋಸಾರ್‌ಗಳ ಪಂಕ್ತಿಯಲ್ಲಿ ಕೂರಿಸಿದ. 1924ರಲ್ಲಿ ಚಾರ್ಲ್ಸ್ ಗಿಲ್ಮೋರ್ ಅಲ್ಲಿಂದ ಎಬ್ಬಿಸಿದ. ಆ ಹೊತ್ತಿಗೆ ಕೆನಡಾದ ಆಲ್ಬರ್ಟಾದಲ್ಲಿ ಗುಮ್ಮಟದಂಥ ದಪ್ಪ ತಲೆಬುರುಡೆಯ ಸಸ್ಯಾಹಾರಿಯೊಂದು ಸಿಕ್ಕಿತ್ತು, ಅದರ ಹಲ್ಲು ಟ್ರೂಡಾನ್‌ನ ಹಲ್ಲಿನಂತೆಯೇ ಕಂಡಿತು. ಸರಿ, ಇದೇ ಟ್ರೂಡಾನ್, ಡೈನೋಸಾರ್‌ಗಳ ಗುದ್ದುಟಗರು ಎಂದು ತೀರ್ಮಾನವಾಯಿತು. ಇಪ್ಪತ್ತು ವರ್ಷ ಹಾಗೇ ನಡೆಯಿತು. 1945ರಲ್ಲಿ ಚಾರ್ಲ್ಸ್ ಎಂ. ಸ್ಟರ್ನ್‌ಬರ್ಗ್ ಎರಡು ಹಲ್ಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಇವು ಬೇರೆ ಬೇರೆ, ಗುಮ್ಮಟದ ತಲೆಯವನೇ ಬೇರೆ, ಟ್ರೂಡಾನ್ ಮಾಂಸಾಹಾರಿಯೇ ಎಂದು ಹೇಳಿದ. ಮತ್ತೆ ಹಳೇ ಪಂಕ್ತಿಗೆ ವಾಪಸ್ಸು.

ಈ ಸ್ಟರ್ನ್‌ಬರ್ಗ್‌ನ ಅಪ್ಪನೂ ಪಳೆಯುಳಿಕೆ ಹುಡುಕುವವನೇ, ಹೆಸರೂ ಚಾರ್ಲ್ಸ್ ಸ್ಟರ್ನ್‌ಬರ್ಗ್. ಇಲ್ಲಿ ಒಂದು ಸಣ್ಣ ಅಡ್ಡದಾರಿ ಹಿಡಿಯುತ್ತೇನೆ, ಅನುಮತಿ ಇರಲಿ. 1876ರ ಬೇಸಿಗೆ. ಲಿಟಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ ಸೂ ಮತ್ತು ಶಾಯೆನ್ ಬುಡಕಟ್ಟುಗಳ ಯೋಧರು ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಪಡೆಯನ್ನು ಧೂಳೀಪಟ ಮಾಡಿ ಎರಡು ತಿಂಗಳೂ ಆಗಿರಲಿಲ್ಲ. ಇಡೀ ಮೊಂಟಾನಾ ಭಯದಲ್ಲಿತ್ತು. ಆಗಲೇ ಎಡ್ವರ್ಡ್ ಡ್ರಿಂಕರ್ ಕೋಪ್ ಎಂಬ ಫಿಲಡೆಲ್ಫಿಯಾದ ಪಳೆಯುಳಿಕೆ ವಿಜ್ಞಾನಿ ಜುಡಿತ್ ನದಿಯ ದಿಬ್ಬಗಳಿಗೆ ಹೊರಟ. ಅವನ ಲೆಕ್ಕಾಚಾರ ಹೀಗೆ: ಹೋರಾಡಬಲ್ಲ ಸೂ ಗಂಡಸರೆಲ್ಲ ತಮ್ಮ ನಾಯಕ ಸಿಟ್ಟಿಂಗ್ ಬುಲ್‌ನ ಜೊತೆ ಬೇರೆ ಕಡೆ ಇದ್ದಾರೆ, ಹಾಗಾಗಿ ಅಲ್ಲಿಗೆ ಹೋಗಲು ಇಷ್ಟು ಸುರಕ್ಷಿತ ಕಾಲ ಇನ್ನೊಂದಿಲ್ಲ. ಜೊತೆಗೆ ಹೋದದ್ದು ಇಪ್ಪತ್ತಾರರ ಯುವಕ ಸ್ಟರ್ನ್‌ಬರ್ಗ್, ಅಂದರೆ ಅಪ್ಪ. ಹಗಲೆಲ್ಲ ಬಿಸಿಲಿನಲ್ಲಿ ಹಲ್ಲು, ಮೂಳೆಚೂರು ಹೆಕ್ಕುವುದು, ಕೆಟ್ಟ ನೀರು ಕುಡಿಯುವುದು. ರಾತ್ರಿ ಕೋಪ್‌ಗೆ ದುಃಸ್ವಪ್ನ. ಹಗಲು ಯಾವ್ಯಾವ ಪ್ರಾಣಿಯ ಗುರುತು ಸಿಕ್ಕಿತ್ತೋ ಅವೆಲ್ಲ ಕನಸಿನಲ್ಲಿ ಬಂದು ಅವನನ್ನು ಎತ್ತಿ ಎಸೆದು ತುಳಿಯುತ್ತಿದ್ದವಂತೆ. ಬೆಳಗಾದರೆ ಮತ್ತೆ ಅವೇ ಪ್ರಾಣಿಗಳ ಹಲ್ಲು ಹುಡುಕಲು ಹೊರಡುತ್ತಿದ್ದ. ಕೋಪ್‌ನ ಬಾಯಲ್ಲಿದ್ದದ್ದು ಕಟ್ಟಿಸಿದ ಹಲ್ಲು. ಒಂದು ದಿನ ಅದನ್ನು ತೆಗೆದು ತೊಳೆಯುತ್ತಿರುವಾಗ ಕ್ರೋ ಬುಡಕಟ್ಟಿನ ಕೆಲವರು ಬಂದರು. ಹಲ್ಲು ಬಾಯಿಂದ ಹೊರಬಂದು ಮತ್ತೆ ಒಳಹೋಗುವುದನ್ನು ನೋಡಿ ಅವರಿಗೆ ಎಲ್ಲಿಲ್ಲದ ಅಚ್ಚರಿ, ಮತ್ತೊಮ್ಮೆ ಮಾಡು, ಮತ್ತೊಮ್ಮೆ ಮಾಡು ಎಂದು ಮಾಡಿಸಿದ್ದೇ ಮಾಡಿಸಿದ್ದು. ಇದನ್ನೆಲ್ಲ ಸ್ಟರ್ನ್‌ಬರ್ಗ್ 1909ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಆ ಪ್ರಯಾಣದ ಫಲವಾಗಿ ಅದೇ ವರ್ಷ ಕೋಪ್ ಅಚ್ಚು ಹಾಕಿಸಿದ ಹೆಸರುಗಳಲ್ಲಿ ಎರಡನ್ನು ನೀವು ನೆನಪಿಟ್ಟುಕೊಳ್ಳಿ. ಒಂದು ಪಾರೋನಿಕೋಡಾನ್. ಒಂದು ಬದಿ ಸಪಾಟು, ಅದರ ಮೇಲೆ ಉದ್ದುದ್ದ ಏಣುಗೆರೆ, ಇನ್ನೊಂದು ಬದಿ ಉಬ್ಬು. ಇಂಥ ಪುಟ್ಟ ಹಲ್ಲು. ಮೊದಲು ಕಡಲ ಸರೀಸೃಪದ್ದೆಂದು ಭಾವಿಸಿ, ಅದೇ ವರ್ಷ ಮನಸ್ಸು ಬದಲಿಸಿ ಮಾಂಸಾಹಾರಿ ಡೈನೋಸಾರ್‌ನದೆಂದ. ಇನ್ನೊಂದು ಜ್ಯಾಪ್ಸಾಲಿಸ್, ಅದೂ ಗೆರೆಗಳಿರುವ ಹಲ್ಲೇ. ಎರಡಕ್ಕೂ ಬೇರೆ ಆಧಾರವಿಲ್ಲ. ಪಾರೋನಿಕೋಡಾನ್‌ನ ಸಮಸ್ಯೆ ಇಂದಿಗೂ ಬಗೆಹರಿದಿಲ್ಲ. ಇದು ಪ್ರತ್ಯೇಕ ಪ್ರಾಣಿ ಎನ್ನುವವರಿದ್ದಾರೆ, ಬೇರೆ ಪ್ರಾಣಿಗಳ ಬಾಯಲ್ಲಿ ವಕ್ರವಾಗಿ ಬೆಳೆದ ಹಲ್ಲು ಅಷ್ಟೇ ಎನ್ನುವವರೂ ಇದ್ದಾರೆ. ಜ್ಯಾಪ್ಸಾಲಿಸ್‌ನದು ಬಗೆಹರಿದಿದೆ, ಆಮೇಲೆ ಹೇಳುತ್ತೇನೆ.

ಇಷ್ಟೆಲ್ಲ ಹಲ್ಲು ಸಿಗುವಾಗ ಮೂಳೆ ಯಾಕೆ ಸಿಗಲಿಲ್ಲ ಎಂದು ನೀವು ಕೇಳಿಯೇ ಕೇಳುತ್ತೀರಿ. ಹಲ್ಲಿನ ಹೊರಕವಚ, ಅಂದರೆ ಎನಾಮಲ್, ನೂರಕ್ಕೆ ತೊಂಬತ್ತೈದು ಪಾಲಿಗೂ ಹೆಚ್ಚು ಖನಿಜವೇ. ಕೊಳೆಯಲು ಅದರಲ್ಲಿ ಏನೂ ಇಲ್ಲ. ಇಂಥ ಸಣ್ಣ ಡೈನೋಸಾರ್‌ನ ಮೂಳೆಯಾದರೋ ಒಳಗೆ ಟೊಳ್ಳು, ಗೋಡೆ ತೆಳು. ಸತ್ತ ಮೇಲೆ ಬೇರೆ ಪ್ರಾಣಿ ಅಗಿಯುತ್ತದೆ, ಹೊಳೆ ಉರುಳಿಸುತ್ತದೆ, ಮಣ್ಣಿನ ಭಾರಕ್ಕೆ ಪುಡಿಯಾಗುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಮಗೆ ಹಲ್ಲು ಬರುವುದು ಎರಡೇ ಸಲ. ಡೈನೋಸಾರ್‌ಗೆ ಬದುಕಿರುವಷ್ಟು ಕಾಲ ಹಳೆಯದು ಬೀಳುವುದು, ಕೆಳಗಿಂದ ಹೊಸದು ಬರುವುದು, ಇದೇ ನಡೆಯುತ್ತಿತ್ತು. ಹೊಸ ಹಲ್ಲು ಮೇಲೆ ಬರುವಾಗ ಹಳೆಯದರ ಬೇರು ಕರಗಿ, ಮೇಲಿನ ಭಾಗ ಮಾತ್ರ ಕಳಚಿ ಬೀಳುತ್ತದೆ. ಹಾಗಾಗಿ ಹೊಳೆಯ ಮರಳಿನಲ್ಲಿ ಬೇರಿಲ್ಲದ ಹಲ್ಲು ಸಿಕ್ಕರೆ, ಅದರ ಒಡೆಯ ಅಲ್ಲಿ ಸತ್ತ ಅಂತ ಅರ್ಥವಲ್ಲ. ಅಲ್ಲಿ ಊಟ ಮಾಡಿ ಮುಂದೆ ಹೋದ ಅಂತ. ಒಂದು ಪ್ರಾಣಿ ಬಿಟ್ಟುಹೋಗುವುದು ಒಂದೇ ಅಸ್ಥಿಪಂಜರ, ಹಲ್ಲುಗಳು ಮಾತ್ರ ಲೆಕ್ಕವಿಲ್ಲದಷ್ಟು.

ಹುಡುಕುವ ರೀತಿಯೂ ಹಲ್ಲಿನ ಪರವಾಗಿಯೇ ಇದೆ. ಜಾನ್ ಬೆಲ್ ಹ್ಯಾಚರ್ ಎಂಬಾತ ವಯೋಮಿಂಗ್‌ನಲ್ಲಿ ಕೊಂಬಿನ ಡೈನೋಸಾರ್‌ಗಳ ದೊಡ್ಡ ದೊಡ್ಡ ಬುರುಡೆಗಳನ್ನು ಅಗೆದು ತೆಗೆದವನು. ಅವನು ಸಣ್ಣ ಹಲ್ಲುಗಳನ್ನು ಹುಡುಕಿದ್ದು ಇರುವೆಗಳ ಹತ್ತಿರ. ಅಲ್ಲಿನ ಕಾಳಿರುವೆಗಳು ಗೂಡಿನ ಮೇಲೆ ಪುಟ್ಟ ಕಲ್ಲುಹರಳುಗಳನ್ನು ಒಟ್ಟುವ ಅಭ್ಯಾಸದವು. ಅವುಗಳ ಕಣ್ಣಿಗೆ ಕಲ್ಲೂ ಒಂದೇ, ಏಳು ಕೋಟಿ ವರ್ಷದ ಹಲ್ಲೂ ಒಂದೇ. ಹ್ಯಾಚರ್ ಹಿಟ್ಟಿನ ಜರಡಿ ಹಿಡಿದು ಗೂಡಿನ ಮೇಲಿನ ಹರಳು ಜಾಲಿಸುತ್ತಿದ್ದ, ಒಂದೊಂದು ಗೂಡಿನಲ್ಲಿ ನೂರಾರು ಹಲ್ಲು. ಹಲ್ಲಿರುವ ನೆಲದಲ್ಲಿ ಇರುವೆ ಇಲ್ಲದಿದ್ದರೆ, ಬೇರೆ ಕಡೆಯಿಂದ ಸಲಿಕೆಯಲ್ಲಿ ಮರಳಿನ ಸಮೇತ ಇರುವೆಗಳನ್ನು ತಂದು ಬಿಟ್ಟು, ಒಂದೆರಡು ವರ್ಷ ಬಿಟ್ಟು ಬಂದು ನೋಡುತ್ತಿದ್ದ. ಇದನ್ನು ಅವನೇ 1896ರಲ್ಲಿ ಬರೆದು ಪ್ರಕಟಿಸಿದ. ಇರುವೆ ತಂದದ್ದನ್ನು ಹ್ಯಾಚರ್ ಹೆಕ್ಕಿದ. ಹ್ಯಾಚರ್ ಹೆಕ್ಕಿದ್ದಕ್ಕೆ ಹೆಸರಿಟ್ಟು ಕೀರ್ತಿ ಪಡೆದದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ ಕೂತಿದ್ದ ಅವನ ಧಣಿ ಮಾರ್ಷ್. ಹುತ್ತ ಯಾರು ಕಟ್ಟಿದರು, ಯಾರು ಸೇರಿಕೊಂಡರು ಅನ್ನುವ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ.

ಈಗ ಟ್ರೂಡಾನ್‌ಗೆ ಮೈ ಬಂದ ಕಥೆ. 1932ರಲ್ಲಿ ಮಗ ಸ್ಟರ್ನ್‌ಬರ್ಗ್ ಆಲ್ಬರ್ಟಾದಲ್ಲಿ ಸಿಕ್ಕ ಒಂದು ಪಾದ, ಕೈಯ ಕೆಲವು ಚೂರು, ಬಾಲದ ಕೆಲವು ಮಣಿಮೂಳೆಗಳಿಗೆ ಸ್ಟೆನೋನಿಕೋಸಾರಸ್ ಎಂದು ಹೆಸರಿಟ್ಟಿದ್ದ. ತಲೆ ಇಲ್ಲ, ಹಲ್ಲೂ ಇಲ್ಲ. ಒಂದು ಕಡೆ ಮೈಯಿಲ್ಲದ ವಿಚಿತ್ರ ಹಲ್ಲು, ಇನ್ನೊಂದು ಕಡೆ ಹಲ್ಲಿಲ್ಲದ ವಿಚಿತ್ರ ಪಾದ. ಇವೆರಡೂ ಹತ್ತಿರದ ನೆಂಟರಿರಬಹುದೇ ಎಂದು 1951ರಲ್ಲಿ ಅವನೇ ಊಹಿಸಿದ, ತೋರಿಸಲು ಸಾಕ್ಷ್ಯವಿರಲಿಲ್ಲ. 1969ರಲ್ಲಿ ಡೇಲ್ ರಸೆಲ್ ಎಂಬ ವಿಜ್ಞಾನಿ ಇನ್ನಷ್ಟು ಮೂಳೆಗಳನ್ನು, ತಲೆಬುರುಡೆಯ ಭಾಗವನ್ನೂ ಸೇರಿಸಿ ಸ್ಟೆನೋನಿಕೋಸಾರಸ್‌ನ ಬಗ್ಗೆ ಬರೆದ. ಮೂಗಿನಿಂದ ಬಾಲದ ತುದಿಗೆ ಎರಡೂವರೆ ಮೀಟರಿನಷ್ಟು ಉದ್ದ, ಮೈ ತೆಳು, ಮುಂದಕ್ಕೆ ನೋಡುವ ದೊಡ್ಡ ಕಣ್ಣು, ಮೈಗೆ ಹೋಲಿಸಿದರೆ ಡೈನೋಸಾರ್‌ಗಳಲ್ಲೇ ದೊಡ್ಡದೆನ್ನಬಹುದಾದ ಮಿದುಳು. ನಿಮ್ಮ ಮಗನ ಪುಸ್ತಕದ ‘ಅತಿ ಜಾಣ’ ಹುಟ್ಟಿದ್ದು ಇಲ್ಲಿ.

ರಸೆಲ್ ಅಲ್ಲಿಗೇ ನಿಲ್ಲಲಿಲ್ಲ. 1982ರಲ್ಲಿ ರಾನ್ ಸೆಗ್ಯಾಂ ಎಂಬ ಶಿಲ್ಪಿಯ ಜೊತೆ ಸೇರಿ, ಈ ಪ್ರಾಣಿ ಅಳಿಯದೆ ಉಳಿದು ಇನ್ನೂ ವಿಕಾಸವಾಗಿದ್ದರೆ ಹೇಗಿರುತ್ತಿತ್ತು ಎಂದು ಒಂದು ಬೊಂಬೆ ಮಾಡಿಸಿದ. ಎರಡು ಕಾಲ ಮೇಲೆ ನೆಟ್ಟಗೆ ನಿಂತಿದೆ, ಬಾಲವಿಲ್ಲ, ಮೂರು ಬೆರಳು, ಹಸಿರು ಚರ್ಮ, ಬೆಕ್ಕಿನ ಕಣ್ಣು. ನೋಡಿದರೆ ಚರ್ಮರೋಗ ಬಂದ ಮನುಷ್ಯ! ಬುದ್ಧಿ ಬೆಳೆದರೆ ಯಾರಾದರೂ ನಮ್ಮಂತೆಯೇ ಆಗಬೇಕು ಅನ್ನುವ ಅಹಂಕಾರ ಅದರಲ್ಲಿದೆ. ಕಾಗೆಯೂ ಬುದ್ಧಿವಂತ ಹಕ್ಕಿ, ಅದೇನು ನೆಟ್ಟಗೆ ನಿಂತು ಬಾಲ ಬಿಟ್ಟುಕೊಟ್ಟಿದೆಯೇ? ಆದರೂ ಆ ಬೊಂಬೆಯ ಚಿತ್ರ ಜಗತ್ತಿನ ಪುಸ್ತಕಗಳಿಗೆಲ್ಲ ಹೋಯಿತು.

1987ರಲ್ಲಿ ಕೆನಡಾದ ಫಿಲಿಪ್ ಕರ್ರಿ ದವಡೆಗಳನ್ನೂ ಹಲ್ಲುಗಳನ್ನೂ ಕೂಡಿಸಿ ನೋಡಿದಾಗ ಒಂದು ಮುಖ್ಯ ಸಂಗತಿ ಹೊರಬಿತ್ತು. ಒಂದೇ ಬಾಯಲ್ಲಿ ಮುಂದಿನ ಹಲ್ಲು ಒಂದು ಆಕಾರ, ಪಕ್ಕದ್ದು ಇನ್ನೊಂದು, ಒಳಗಿನದು ಮತ್ತೊಂದು. ಬಿಡಿ ಹಲ್ಲು ಸಿಕ್ಕಾಗ ಇವನ್ನೇ ಬೇರೆ ಬೇರೆ ಪ್ರಾಣಿಗಳೆಂದು ಹೆಸರಿಟ್ಟಿದ್ದರು. ಹಾಗಾದರೆ ಸ್ಟೆನೋನಿಕೋಸಾರಸ್ ಸೇರಿ ಎಲ್ಲವೂ ಟ್ರೂಡಾನ್ ಎಂದು ಕರ್ರಿ ವಾದಿಸಿದ. ಹೆಸರಿಡುವ ನಿಯಮದಲ್ಲಿ ಮೊದಲು ಇಟ್ಟ ಹೆಸರಿಗೆ ಹಕ್ಕು, 1856ರ ಹೆಸರಿಗಿಂತ ಹಿಂದಿನದು ಯಾವುದಿದೆ? ಅಂದಿನಿಂದ ಮೂವತ್ತು ವರ್ಷ ಟ್ರೂಡಾನ್‌ನದೇ ದರ್ಬಾರು. ಮೊಂಟಾನಾದ ಎಗ್ ಮೌಂಟನ್‌ನಲ್ಲಿ ಸಿಕ್ಕ ಗೂಡುಗಳನ್ನು ಮೊದಲು ಬೇರೊಂದು ಸಸ್ಯಾಹಾರಿ ಡೈನೋಸಾರ್‌ನದೆಂದು ಎಣಿಸಿದ್ದರು. ಮೊಟ್ಟೆಯೊಳಗಿನ ಭ್ರೂಣವನ್ನು ಸರಿಯಾಗಿ ಪರೀಕ್ಷಿಸಿದಾಗ ಅದು ಈ ಗುಂಪಿನದೆಂದು 1996ರಲ್ಲಿ ಗೊತ್ತಾಯಿತು, ಆ ಮೊಟ್ಟೆಗಳೂ ಟ್ರೂಡಾನ್ ಖಾತೆಗೆ ಜಮೆಯಾದವು.

ಇಲ್ಲಿ ನಮ್ಮ ಪಹಣಿಯ ವ್ಯವಹಾರ ನೆನಪಿಸಿಕೊಳ್ಳಿ. ನಾಲ್ಕು ತಲೆಮಾರಿನಿಂದ ಉಳುತ್ತಿರುವವರು ಒಬ್ಬರು, ಮನೆ ಕಟ್ಟಿಕೊಂಡವರು ಒಬ್ಬರು, ಬಾವಿ ತೋಡಿದವರು ಇನ್ನೊಬ್ಬರು. ಒಂಬತ್ತನೇ ಕಾಲಂ ನೋಡಿದರೆ ಎಂದೋ ತೀರಿಹೋದ ಮುತ್ತಜ್ಜನ ಹೆಸರು, ಅವರ ಗುರುತು ಹೇಳುವವರೇ ಇಲ್ಲ. ಟ್ರೂಡಾನ್ ಎಂಬ ಹೆಸರಿನ ಖಾತೆ ಇರುವುದು ಲೈಡಿಯ ಆ ಒಂದು ಹಲ್ಲಿನ ಮೇಲೆ. ಬೇರೆ ಯಾವ ಮೂಳೆಯಾದರೂ ಆ ಹೆಸರು ಪಡೆಯಬೇಕಾದರೆ ಈ ಹಲ್ಲಿನ ಜೊತೆ ತನ್ನ ನೆಂಟಸ್ತಿಕೆ ಸಾಬೀತು ಮಾಡಬೇಕು. 2017ರಲ್ಲಿ ಎರಡು ತಂಡಗಳು ಈ ಕಡತ ತೆರೆದವು. ಡೇವಿಡ್ ಎವಾನ್ಸ್‌ನ ತಂಡ ಆಲ್ಬರ್ಟಾದಲ್ಲಿ ಸಿಕ್ಕ ಹಣೆಮೂಳೆಯೊಂದಕ್ಕೆ ಆಲ್ಬರ್ಟವೆನೇಟರ್ ಎಂದು ಹೆಸರಿಟ್ಟಿತು. ಇದೇ ಗುಂಪಿನ ಬೇರೆ ಪ್ರಾಣಿ, ಆದರೆ ಹಲ್ಲು ನೋಡಿ ಬೇರೆ ಎಂದು ಹೇಳಲು ಬರುವುದೇ ಇಲ್ಲ. ಅಂದರೆ ಒಂದೇ ಥರದ ಹಲ್ಲು ಹಲವು ಪ್ರಾಣಿಗಳ ಬಾಯಲ್ಲಿತ್ತು, ಲೈಡಿಯ ಹಲ್ಲು ಅವುಗಳಲ್ಲಿ ಯಾರದು ಅಂತ ಹೇಳುವಂತಿಲ್ಲ. ಅದೇ ವರ್ಷ ಇನ್ನೊಂದು ತಂಡ ಸ್ಟೆನೋನಿಕೋಸಾರಸ್‌ನ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಿತು. ಆ ತಂಡದಲ್ಲಿ ಯಾರಿದ್ದರು ಗೊತ್ತೇ? 1987ರಲ್ಲಿ ಎಲ್ಲವನ್ನೂ ಟ್ರೂಡಾನ್‌ಗೆ ಸೇರಿಸಿದ ಅದೇ ಫಿಲಿಪ್ ಕರ್ರಿ. ತಾನೇ ಕಟ್ಟಿದ್ದನ್ನು ಮೂವತ್ತು ವರ್ಷದ ಮೇಲೆ ತಾನೇ ಬಿಚ್ಚಿದ. ನಮ್ಮಲ್ಲಿ ಎಷ್ಟು ಜನ ಪಂಡಿತರು ಹೀಗೆ ಮಾಡಿಯಾರು, ನೀವೇ ಹೇಳಿ.

ವಾದ ಮುಗಿದಿಲ್ಲ. ಮೊಂಟಾನಾದ ಮೂಳೆ, ಮೊಟ್ಟೆಗಳಿಗೆ ಟ್ರೂಡಾನ್ ಹೆಸರೇ ಇರಲಿ ಎನ್ನುವವರು ಇನ್ನೂ ಇದ್ದಾರೆ. ಆದರೆ ಪುಸ್ತಕ ಬರೆಯುವವರು ರಿಸ್ಕ್ ಬೇಡವೆಂದು ಪುಟ ತೆಗೆದುಬಿಟ್ಟಿದ್ದಾರೆ. ನನ್ನನ್ನು ಕೇಳಿದರೆ ತೆಗೆಯಬಾರದಿತ್ತು. ಎರಡು ಪುಟ ಬೇಡ, ಕಾಲು ಪುಟ ಕೊಟ್ಟು, ಹಲ್ಲಿನ ಚಿತ್ರವನ್ನು ಹತ್ತು ಪಟ್ಟು ದೊಡ್ಡದು ಮಾಡಿ ಹಾಕಿ, ನಮಗೆ ಸಿಕ್ಕಿರುವುದು ಇಷ್ಟೇ ಎಂದು ಬರೆದಿದ್ದರೆ ಆ ಪುಟವೇ ಪುಸ್ತಕದ ಅತ್ಯುತ್ತಮ ಪುಟವಾಗುತ್ತಿತ್ತು. ಸಿಕ್ಕ ಸಾಕ್ಷ್ಯ ಎಷ್ಟು, ಚಿತ್ರಕಾರ ಸೇರಿಸಿದ್ದು ಎಷ್ಟು ಎಂದು ತೋರಿಸದೆ ಹಸಿರು ಚರ್ಮ ಬಳಿಯುವುದರಲ್ಲಿ ನನಗೆ ಆಸಕ್ತಿಯಿಲ್ಲ.

ಹಾಗಂತ ಹಲ್ಲು ಏನೂ ಹೇಳುವುದಿಲ್ಲ ಎಂದಲ್ಲ. ಯಾರು ಅನ್ನುವುದನ್ನು ಹೇಳಲು ಅದು ತಡವರಿಸುತ್ತದೆ, ಏನು ತಿಂದರು ಅನ್ನುವುದನ್ನು ಚೆನ್ನಾಗಿಯೇ ಹೇಳುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಂಜೆಲಿಕಾ ಟೊರೀಸೆಸ್ ಮತ್ತು ಸಂಗಡಿಗರು ಇಂಥ ಹಲ್ಲುಗಳ ಮೇಲಿನ ಅತಿ ಸೂಕ್ಷ್ಮ ಗೀರುಗಳನ್ನು ಪರೀಕ್ಷಿಸಿದರು, ಕಂಪ್ಯೂಟರಿನಲ್ಲಿ ಹಲ್ಲಿನ ಮೇಲೆ ಬೀಳುವ ಒತ್ತಡವನ್ನೂ ಲೆಕ್ಕ ಹಾಕಿದರು. ಗೀರುಗಳ ದಿಕ್ಕು ಹೇಳಿದ್ದು, ಈ ಪ್ರಾಣಿಗಳು ಮೊದಲು ಚುಚ್ಚಿ, ಆಮೇಲೆ ತಲೆ ಹಿಂದಕ್ಕೆ ಎಳೆದು ಮಾಂಸ ಕೀಳುತ್ತಿದ್ದವು ಎಂದು. ಒತ್ತಡದ ಲೆಕ್ಕ ಹೇಳಿದ್ದು, ಟ್ರೂಡಾನ್ ಗುಂಪಿನ ಹಲ್ಲು ಸರಿಯಾದ ಕೋನದಲ್ಲಿ ಕಚ್ಚಿದರೆ ಸರಿ, ಬೇಟೆ ಕೊಸರಾಡಿ ಕೋನ ತಪ್ಪಿದರೆ ಮುರಿಯುವ ಸಂಭವ ಹೆಚ್ಚು ಎಂದು. ಮೆತ್ತನೆಯ, ಹೆಚ್ಚು ಒದ್ದಾಡದ ಬೇಟೆ ಅದಕ್ಕೆ ಇಷ್ಟವಿದ್ದಿರಬೇಕು. ಆ ಭಯಂಕರ ಕೊಕ್ಕೆ-ಕಚ್ಚುಗಳ ಹಿಂದಿದ್ದದ್ದು ಸ್ವಲ್ಪ ನಾಜೂಕಿನ ಬಾಯಿ. ಅಲಾಸ್ಕಾದ ಉತ್ತರ ತುದಿಯಲ್ಲಿ ಇದೇ ಗುಂಪಿನ ಹಲ್ಲುಗಳು ಗಾತ್ರದಲ್ಲಿ ದೊಡ್ಡವು, ಸಂಖ್ಯೆಯಲ್ಲೂ ಹೆಚ್ಚು. ತಿಂಗಳುಗಟ್ಟಲೆ ಮಬ್ಬುಗತ್ತಲಿರುವ ಆ ಸೀಮೆಯಲ್ಲಿ ದೊಡ್ಡ ಕಣ್ಣಿನ ಬೇಟೆಗಾರನಿಗೆ ಅನುಕೂಲವಾಗಿರಬೇಕು ಎಂಬುದು ಆಂಟನಿ ಫಿಯೊರಿಲ್ಲೊ ಕೊಡುವ ವಿವರಣೆ.

ಜ್ಯಾಪ್ಸಾಲಿಸ್‌ನ ಬಾಕಿ ತೀರಿಸುತ್ತೇನೆ. 2014ರಲ್ಲಿ ಆಲ್ಬರ್ಟಾದ ಡೈನೋಸಾರ್ ಪ್ರಾಂತೀಯ ಉದ್ಯಾನದಲ್ಲಿ ಸಾರೋರ್ನಿತೋಲೆಸ್ಟಿಸ್ ಎಂಬ ಸಣ್ಣ ಬೇಟೆಗಾರನ ಹೆಚ್ಚುಕಡಿಮೆ ಇಡೀ ಅಸ್ಥಿಪಂಜರ ಸಿಕ್ಕಿತು, ತಲೆ ಸಮೇತ. 2019ರಲ್ಲಿ ಕರ್ರಿ ಮತ್ತು ಎವಾನ್ಸ್ ಅದರ ಬಾಯಿ ನೋಡಿದರೆ, ಮೇಲ್ದವಡೆಯ ಮುಂಭಾಗದಲ್ಲಿ ಎರಡನೇ ಹಲ್ಲು ಥೇಟ್ ಜ್ಯಾಪ್ಸಾಲಿಸ್! ನೂರನಲವತ್ತಮೂರು ವರ್ಷ ಒಂದು ಬೇರೆ ಪ್ರಾಣಿಯೆಂದು ಪುಸ್ತಕದಲ್ಲಿ ಕೂತಿದ್ದದ್ದು ಇಂಥದೇ ಬೇಟೆಗಾರನ ಮುಂದಿನ ಹಲ್ಲು. ಅದರಲ್ಲಿ ಚಪ್ಪಟೆ ಮುಖ, ಉದ್ದ ಗೆರೆಗಳು ಯಾಕಿದ್ದವು ಎಂಬುದಕ್ಕೆ ಅವರ ಊಹೆ, ಗರಿ ನೀವಿ ಸರಿಮಾಡಿಕೊಳ್ಳಲು ಎಂದು. ಕೊಲ್ಲುವ ಆಯುಧ ಎಂದುಕೊಂಡಿದ್ದ ಹಲ್ಲು ಬಾಚಣಿಗೆಯೂ ಆಗಿರಬಹುದು.

ನಮ್ಮ ದೇಶದಲ್ಲಿ ಇಂಥದ್ದು ಇಲ್ಲವೇ? ಇದೆ. ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ಸಿಕ್ಕ ಒಂದೇ ಹಲ್ಲಿಗೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಹೇಮಚಂದ್ರ ದಾಸ್‌ಗುಪ್ತ 1931ರಲ್ಲಿ ಆರ್ಥೋಗೋನಿಯೋಸಾರಸ್ ಎಂದು ಹೆಸರಿಟ್ಟರು. ಅಂಚು ನೆಟ್ಟಗಿರುವ ಪುಟ್ಟ ಮಾಂಸಾಹಾರಿಯ ಹಲ್ಲು. ಅಂದಿನಿಂದ ಇಂದಿನವರೆಗೆ ಅದಕ್ಕೆ ಒಂದು ಮೂಳೆಯೂ ಜೊತೆಯಾಗಿಲ್ಲ, ಅದರ ಬಗ್ಗೆ ಯಾರೂ ಬೊಂಬೆಯನ್ನೂ ಮಾಡಲಿಲ್ಲ. ಅಷ್ಟರಮಟ್ಟಿಗೆ ಪುಣ್ಯವಂತ ಹಲ್ಲು.

ಇನ್ನೂ ಹತ್ತಿರ ಬರುವುದಾದರೆ ತಮಿಳುನಾಡಿನ ಅರಿಯಲೂರು ಸೀಮೆಯ ಕಲ್ಲಮೇಡು. 2013ರಲ್ಲಿ ಅಂಜಲಿ ಗೋಸ್ವಾಮಿ, ಜಿ.ವಿ.ಆರ್. ಪ್ರಸಾದ್ ಮೊದಲಾದವರು ಅಲ್ಲಿ ಸಿಕ್ಕ ಒಂದು ಪುಟಾಣಿ ಹಲ್ಲನ್ನು ಟ್ರೂಡಾನ್‌ನ ಕುಟುಂಬಕ್ಕೆ ಸೇರಿದ್ದೆಂದು ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅದೇ ದೊಡ್ಡ ಕಚ್ಚು, ಅದೇ ಗಿಡ್ಡ ಅಲಗು. ಆ ಕಾಲಕ್ಕೆ ಭಾರತ ಮಡಗಾಸ್ಕರ್‌ನಿಂದಲೂ ಬಿಡಿಸಿಕೊಂಡು ಸಮುದ್ರದ ನಡುವೆ ಒಂಟಿಯಾಗಿ ಉತ್ತರಕ್ಕೆ ಸರಿಯುತ್ತಿದ್ದ ದ್ವೀಪ. ಆ ಕುಟುಂಬದವರೋ ಅಲ್ಲಿಯವರೆಗೆ ಸಿಕ್ಕಿದ್ದೆಲ್ಲ ಉತ್ತರದ ಖಂಡಗಳಲ್ಲಿ. ಇವರು ಇಲ್ಲಿಗೆ ಬಂದದ್ದು ಹೇಗೆ? ಖಂಡಗಳೆಲ್ಲ ಒಡೆಯುವ ಮೊದಲೇ ಎಲ್ಲ ಕಡೆ ಹರಡಿದ್ದರೆಂದರೆ, ಕುಟುಂಬದ ಚರಿತ್ರೆಯನ್ನೇ ತಿದ್ದಬೇಕು. ಒಂದು ಹಲ್ಲಿನ ಮೇಲೆ ಇಷ್ಟು ಭಾರ. ಲೈಡಿಯ ಹಲ್ಲಿನ ಕಥೆ ಗೊತ್ತಿರುವ ನಾನಂತೂ ಎರಡನೇ ಹಲ್ಲಿಗಾಗಿ ಕಾಯುತ್ತೇನೆ.

ಅಂಥ ಹಲ್ಲು ಹೇಗೆ ಸಿಗುತ್ತದೆ ಎಂದು ನೋಡಿದರೆ ನಿಮಗೆ ನಗು ಬಂದೀತು. ಸುತ್ತಿಗೆ, ಉಳಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಜೇಡಿಮಣ್ಣಿನ ಗಟ್ಟಿಗಳನ್ನು ಚೀಲಗಟ್ಟಲೆ ತಂದು ಬಿಸಿಲಿಗೆ ಚೆನ್ನಾಗಿ ಒಣಗಿಸುತ್ತಾರೆ. ಒಣಗಿದ್ದನ್ನು ಬಕೆಟ್ಟಿನಲ್ಲಿ ಹಾಕಿ ಸೀಮೆಎಣ್ಣೆ ಸುರಿಯುತ್ತಾರೆ. ಎಣ್ಣೆ ಮಣ್ಣಿನ ಸಂದುಗೊಂದಿಗೆಲ್ಲ ಇಳಿದ ಮೇಲೆ ಉಳಿದ ಎಣ್ಣೆಯನ್ನು ಬಸಿದು ನೀರು ಹಾಕಿದರೆ, ಕಲ್ಲಿನಂತಿದ್ದ ಗಟ್ಟಿ ತಾನಾಗಿ ಬಿರಿದು ಕೆಸರಾಗುತ್ತದೆ. ಆ ಕೆಸರನ್ನು ಸಣ್ಣ ಕಣ್ಣಿನ ಜರಡಿಗಳಲ್ಲಿ ನೀರಿನೊಳಗೆ ಅಲ್ಲಾಡಿಸಿ ತೊಳೆದು, ಉಳಿದ ಕಾಳಿನಂಥದ್ದನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರವುತ್ತಾರೆ. ಒದ್ದೆ ಮಾಡಿದ ಕುಂಚದ ತುದಿಯಲ್ಲಿ ಒಂದೊಂದೇ ಚೂರನ್ನು ಎತ್ತಿ ಬೇರೆ ಮಾಡುವುದು. ಮೀನಿನ ಹಲ್ಲು, ಕಪ್ಪೆಯ ಮೂಳೆ, ಮೊಸಳೆಯ ಹಲ್ಲು, ಮತ್ತೆ ಮೀನಿನ ಹಲ್ಲು. ವಾರಗಟ್ಟಲೆ ಇದೇ. ಇದೇ ಪ್ರಸಾದ್, ಅಶೋಕ್ ಸಾಹ್ನಿಯವರ ಜೊತೆ ತೆಲಂಗಾಣದ ನಸ್ಕಲ್‌ನಲ್ಲಿ ಲಾವಾ ಪದರಗಳ ನಡುವಿನ ಕೆಸರುಗಲ್ಲಿನಿಂದ ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಷಿಯಸ್ ಕಾಲದ, ಭಾರತದ ಮೊದಲ ಸಸ್ತನಿಯನ್ನು 1988ರಲ್ಲಿ ಜಗತ್ತಿಗೆ ತೋರಿಸಿದರು. ಇಲಿಯ ಗಾತ್ರದ ಡೆಕ್ಕನೋಲೆಸ್ಟಿಸ್. ಅದೂ ಹಲ್ಲಿನಿಂದಲೇ.

ನಸ್ಕಲ್‌ನಿಂದ ನಮ್ಮ ಗಡಿ ದೂರವಿಲ್ಲ. ಯಾದಗಿರಿ ಜಿಲ್ಲೆಯ ಗುರುಮಠಕಲ್‌ನಲ್ಲೂ ಅಂಥದೇ ಪದರವಿದೆ, ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ ನಿಂತ ಕೆರೆಗಳ ಕೆಸರು. ಕರ್ನಾಟಕದ ಬಹುಪಾಲು ಬಂಡೆಗಳು ಡೈನೋಸಾರ್‌ಗಳಿಗಿಂತ ಇನ್ನೂರು ಕೋಟಿ ವರ್ಷಕ್ಕೂ ಹಿಂದಿನವು, ಅವುಗಳಲ್ಲಿ ಹುಡುಕುವುದು ವ್ಯರ್ಥ. ಗುರುಮಠಕಲ್‌ನ ಪದರವಾದರೋ ಸರಿಯಾದ ಕಾಲದ್ದು. ಅಲ್ಲಿಂದ ಸಿಹಿನೀರಿನ ಸೂಕ್ಷ್ಮ ಚಿಪ್ಪುಜೀವಿಗಳನ್ನು ವಿಜ್ಞಾನಿಗಳು ಈಗಾಗಲೇ ವಿವರಿಸಿದ್ದಾರೆ. ಕೆರೆ ಇದ್ದಲ್ಲಿ ನೀರು ಕುಡಿಯಲು ಬಂದವರೂ ಇರುತ್ತಾರೆ, ತಿನ್ನಲು ಬಂದವರೂ ಇರುತ್ತಾರೆ. ಇನ್ನೊಂದಿಷ್ಟು ಚೀಲ ಮಣ್ಣನ್ನು ಜರಡಿ ಹಿಡಿಯುವವರು ಬೇಕು. ಸೀಮೆಎಣ್ಣೆ ಈಗ ರೇಷನ್ ಅಂಗಡಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ, ಆ ಮಾತು ಬೇರೆ.



ಇಂತಿ,
ನಿಮ್ಮ ವಿಶ್ವಾಸಿ